ಫೀಡ್‌ಬ್ಯಾಕ್ ಲೂಪ್: ರೆಕಾರ್ಡಿಂಗ್ ತಂತ್ರಾಂಶದೊಳಗೆ ಸುತ್ತುವ ದನಿ

ಹೊರಬಂದ ದನಿಯು ತಾನು ಹೊರಟ ದಾರಿಗೇ ಮರಳಿ ಸೇರಿ ಸುತ್ತುತ್ತಿರುವ ಜೋಡಣೆಯನ್ನು ಫೀಡ್‌ಬ್ಯಾಕ್ ಲೂಪ್ ಎನ್ನುತ್ತಾರೆ. ತೀರ್ಥಹಳ್ಳಿ, ಸಾಗರದ ಕಡೆ ತಾಳಮದ್ದಳೆ ಕೇಳುವವರಿಗೆ ಇದರ ಒಂದು ರೂಪ ಪರಿಚಿತ: ಭಾಗವತರ ಮೈಕು ಸ್ಪೀಕರಿನ ದನಿಯನ್ನೇ ಹಿಡಿದು ಮತ್ತೆ ಸ್ಪೀಕರಿಗೆ ಕಳಿಸಿದಾಗ ಏಳುವ ಕರ್ಕಶ ಶಿಳ್ಳೆ ಅದು. ತಂತ್ರಾಂಶದಲ್ಲಿ ಮೈಕಿನ ಅಗತ್ಯವೂ ಇಲ್ಲ. ಒಂದು ಟ್ರ್ಯಾಕಿನ ಸೆಂಡನ್ನು, ಅಂದರೆ ಅದರ ದನಿಯ ಪ್ರತಿಯನ್ನು ಬೇರೆಡೆಗೆ ಕಳಿಸುವ ದಾರಿಯನ್ನು, ಇನ್ನೊಂದಕ್ಕೆ ಜೋಡಿಸಿ, ಅದರಿಂದ ಮೊದಲಿನದಕ್ಕೆ ಹಿಂದಿರುಗಿಸಿದರೆ ಸುತ್ತು ಪೂರ್ಣವಾಗುತ್ತದೆ.

ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶವು ತಾನಾಗಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಅನುಮತಿಯ ಆಯ್ಕೆಯನ್ನು ಗುರುತಿಸಬೇಕು. ಇಂಥದೇ ಇನ್ನೊಂದು ತಂತ್ರಾಂಶವಾದ ಏಬಲ್ಟನ್ ಲೈವ್‌ನಲ್ಲಿಯೂ ರಿಟರ್ನ್ ಟ್ರ್ಯಾಕುಗಳ (ಬೇರೆ ಟ್ರ್ಯಾಕುಗಳು ಕಳಿಸಿದ ದನಿ ಬಂದು ಸೇರುವ ಟ್ರ್ಯಾಕುಗಳ) ಸೆಂಡ್‌ಗಳು ಮೊದಲಿಗೆ ನಿಷ್ಕ್ರಿಯವಾಗಿಯೇ ಇರುತ್ತವೆ.

ಈ ನಿರ್ಬಂಧಕ್ಕೆ ಜೋರು ಸದ್ದಿನ ಭಯವೊಂದೇ ಕಾರಣವಲ್ಲ. ತಂತ್ರಾಂಶವು ದನಿಯನ್ನು ತುಂಡು ತುಂಡಾಗಿ, ಒಂದು ಟ್ರ್ಯಾಕಿನ ನಂತರ ಮತ್ತೊಂದರಂತೆ ಲೆಕ್ಕ ಹಾಕುತ್ತದೆ. ಎರಡು ಟ್ರ್ಯಾಕುಗಳು ಪರಸ್ಪರ ಕಾಯತೊಡಗಿದರೆ ಯಾವುದನ್ನು ಮೊದಲು ಮಾಡಬೇಕೆಂಬುದೇ ತೀರ್ಮಾನವಾಗುವುದಿಲ್ಲ. ಆದ್ದರಿಂದ ಅನುಮತಿ ಕೊಟ್ಟಾಗ ಮರಳುವ ದನಿಯನ್ನು ಒಂದು ತುಂಡಿನಷ್ಟು ತಡಮಾಡಿ ಸೇರಿಸಲಾಗುತ್ತದೆ. ಸೆಕೆಂಡಿಗೆ ದನಿಯ 48,000 ಅಳತೆಗಳು, ಅಂದರೆ ಸ್ಯಾಂಪಲ್‌ಗಳಿದ್ದು ಬಫರ್, ಅಂದರೆ ಒಂದು ತುಂಡಿನ ಉದ್ದ, 512 ಸ್ಯಾಂಪಲ್ ಆಗಿದ್ದರೆ ಈ ತಡ ಸುಮಾರು 10.7 ಮಿಲಿಸೆಕೆಂಡು. ಬೇರೆ ಡಿಲೇ (ದನಿಯನ್ನು ತಡಮಾಡುವ ಸಾಧನ) ಇಲ್ಲದ ಸುತ್ತು ಆಗ ಸುಮಾರು 94 ಹರ್ಟ್ಸ್‌ನಲ್ಲೂ ಅದರ ಎರಡು ಪಟ್ಟು, ಮೂರು ಪಟ್ಟು ಮುಂತಾದವುಗಳಲ್ಲೂ ಅನುರಣಿಸುತ್ತದೆ. ಬಫರನ್ನು 256ಕ್ಕೆ ಇಳಿಸಿದರೆ ಆ ಶ್ರುತಿ ಒಂದು ಸ್ಥಾಯಿ ಮೇಲೇರುತ್ತದೆ. ಹಾಗಾಗಿ ಮೆಚ್ಚಿಗೆಯಾದ ದನಿಯನ್ನು ಕೂಡಲೇ ಬೇರೆ ಟ್ರ್ಯಾಕಿಗೆ ರೆಕಾರ್ಡ್ ಮಾಡಿಟ್ಟುಕೊಳ್ಳುವುದೇ ಸರಿ.

ಉಳಿದದ್ದೆಲ್ಲ ಸುತ್ತಿನ ಗೇನ್, ಅಂದರೆ ಪ್ರತಿ ಸುತ್ತಿಗೆ ದನಿ ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಪ್ರತಿ ಸುತ್ತಿಗೆ 6 ಡೆಸಿಬೆಲ್ ಇಳಿದರೆ ಹತ್ತು ಸುತ್ತಿನಲ್ಲಿ ದನಿ ಸಾವಿರದಲ್ಲೊಂದು ಪಾಲಿನಷ್ಟಾಗುತ್ತದೆ. ಒಂದೇ ಡೆಸಿಬೆಲ್ ಏರುತ್ತ ಹೋದರೂ ಇಪ್ಪತ್ತು ಸುತ್ತಿಗೆ ಹತ್ತು ಪಟ್ಟಾಗುತ್ತದೆ. ಈ ಎರಡರ ನಡುವಿನ ಅಂಚಿನಲ್ಲಿಯೇ ನಿಜವಾದ ಸಂಗೀತವಿದೆ. ಮದ್ದಳೆಯ ಒಂದು ಪೆಟ್ಟನ್ನೋ ಮಳೆಗಾಲದ ರಾತ್ರಿಯ ಜೀರುಂಡೆ ದನಿಯನ್ನೋ ಡಿಲೇ ಮತ್ತು ಫಿಲ್ಟರ್ (ಕೆಲವು ಶ್ರುತಿಗಳನ್ನು ತಗ್ಗಿಸುವ ಸಾಧನ) ಇರುವ ಸುತ್ತಿಗೆ ಬಿಟ್ಟರೆ, ಪ್ರತಿ ಮರಳಿಕೆಯಲ್ಲೂ ಬಣ್ಣ ಬದಲಾಗುತ್ತ, ಕೊನೆಗೆ ಮೂಲದ ಗುರುತೇ ಸಿಗದ ದೀರ್ಘ ನಾದವಾಗುತ್ತದೆ. ನಾಟಕದ ಹಿನ್ನೆಲೆ ಧ್ವನಿ ಕಟ್ಟುವವರಿಗೆ ಇದು ಬಹಳ ದೊಡ್ಡ ಸಂಪತ್ತೆಂದೇ ನನ್ನ ಭಾವನೆ.

ಆದರೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರನ್ನು ಎಲ್ಲ ಟ್ರ್ಯಾಕುಗಳೂ ಸೇರಿ ಹೊರಹೋಗುವ ಮಾಸ್ಟರ್‌ನಲ್ಲಿ ಮಾತ್ರ ಹಾಕಿದರೆ ಸಾಲದು. ಬಹಳ ದೊಡ್ಡ ಸಂಖ್ಯೆಗಳಿಗೂ ಜಾಗವಿರುವ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ದನಿ ತಂತ್ರಾಂಶದೊಳಗೆ ಸುಲಭವಾಗಿ ಕ್ಲಿಪ್ ಆಗುವುದಿಲ್ಲವಾದ್ದರಿಂದ, ಅಂದರೆ ಮಿತಿಗೆ ತಾಗಿ ಕತ್ತರಿಸಿಹೋಗುವುದಿಲ್ಲವಾದ್ದರಿಂದ, ಹೊರಗೆ ಹತೋಟಿಯಲ್ಲಿರುವಂತೆ ಕೇಳಿಸುವಾಗಲೂ ಒಳಗಿನ ಸುತ್ತು ಬೆಳೆಯುತ್ತಲೇ ಇರಬಹುದು. ಲಿಮಿಟರ್ ಸುತ್ತಿನೊಳಗೇ ಇರಬೇಕು, ಮತ್ತು ಮೊದಲ ಬಾರಿ ಸೆಂಡ್ ಏರಿಸುವಾಗ ಹೆಡ್‌ಫೋನ್ ಕಿವಿಯಲ್ಲಿ ಇರಬಾರದು.