ಎಲ್ಲವೂ ಇಬಾದತ್ ಆದರೆ ನಮಾಝ್ ಯಾಕೆ?

ಈ ಪ್ರಶ್ನೆ ಬರದ ಇಸ್ಲಾಮಿನ ಓದಿನ ಗುಂಪೇ ಇಲ್ಲ. ದುಡಿಮೆಯೂ ಇಬಾದತ್ (ಆರಾಧನೆ), ಹೆಂಡತಿ ಮಕ್ಕಳನ್ನು ಸಾಕುವುದೂ ಇಬಾದತ್, ಎದುರು ಸಿಕ್ಕವರಿಗೆ ನಗುಮುಖ ತೋರಿಸುವುದೂ ಸದಖಾ (ದಾನ) ಅಂತ ಹೇಳಿ ಮುಗಿಸುವುದರೊಳಗೆ ಹಿಂದಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ: ಹಾಗಾದ್ರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಆಫೀಸಿನಲ್ಲಿ ನಿಯತ್ತಾಗಿ ದುಡಿದರೆ ಸಾಕಲ್ವಾ, ಐದು ಹೊತ್ತು ನಮಾಝ್ ಯಾಕೆ? ತಮಾಷೆಗೆ ಕೇಳಿದರೂ ಪ್ರಶ್ನೆ ಗಟ್ಟಿಯಾಗಿದೆ. ಇದನ್ನು ಬಿಡಿಸಿಕೊಂಡರೆ ಪಾಠದ ಮುಕ್ಕಾಲು ಭಾಗ ಮುಗಿದ ಹಾಗೆ.

ಮೊದಲು ಆಯತ್. ಕುರ್‌ಆನಿನ 51ನೇ ಸೂರಃ (ಅಧ್ಯಾಯ), 56ನೇ ಆಯತ್ (ವಾಕ್ಯ). ಜಿನ್ನ್‌ಗಳನ್ನೂ ಮನುಷ್ಯರನ್ನೂ ಅಲ್ಲಾಹನು ಸೃಷ್ಟಿಸಿದ್ದೇ ತನ್ನ ಇಬಾದತ್‌ಗಾಗಿ ಅಂತ ಅಲ್ಲಿದೆ. ಈಗ ಒಂದು ಲೆಕ್ಕ ಹಾಕಿ. ದಿನದ ಫರ್ಝ್ (ಕಡ್ಡಾಯ) ನಮಾಝ್ ಫಜ್ರ್ 2, ಝುಹ್ರ್ 4, ಅಸ್ರ್ 4, ಮಗ್ರಿಬ್ 3, ಇಶಾ 4, ಒಟ್ಟು 17 ರಕಾತ್ (ನಮಾಝಿನ ಸುತ್ತುಗಳು). ನಿಧಾನವಾಗಿ ಮಾಡಿದರೂ, ಕಡ್ಡಾಯವಲ್ಲದ ಸುನ್ನತ್ ನಮಾಝ್ ಸೇರಿಸಿದರೂ, ಸಾಮಾನ್ಯ ಜನಕ್ಕೆ ಒಂದೂವರೆ ಗಂಟೆ ದಾಟುವುದು ಕಷ್ಟ. ಹುಟ್ಟಿಸಿದ್ದೇ ಇಬಾದತ್‌ಗೆ ಅಂದಮೇಲೆ ಉಳಿದ ಇಪ್ಪತ್ತೆರಡು ಚಿಲ್ಲರೆ ಗಂಟೆ ಎಲ್ಲಿಗೆ ಹೋಯಿತು? ನಿದ್ದೆ, ಅಡುಗೆ, ಆಫೀಸು, ಸಿಲ್ಕ್ ಬೋರ್ಡ್ ಹತ್ತಿರ ಆಮೆ ಥರ ತೆವಳುವ ಬಸ್ಸು, ಇವೆಲ್ಲ ಯಾವ ಖಾತೆಗೆ?

ಇದಕ್ಕೆ ಉತ್ತರವಾಗಿ ಉಲಮಾಗಳು (ಧರ್ಮ ವಿದ್ವಾಂಸರು) ಹೆಚ್ಚಾಗಿ ಹೇಳುವುದು ಇಬ್ನ್ ತೈಮಿಯ್ಯಾ ಅವರ ವಿವರಣೆಯನ್ನು. 1328ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ವಿದ್ವಾಂಸರು. ಬೇರೆ ಎಷ್ಟೋ ವಿಷಯಗಳಲ್ಲಿ ಅವರ ಜೊತೆ ಜಗಳ ಆಡಿದವರೂ ಈ ಸಾಲನ್ನು ಮಾತ್ರ ಬಳಸುತ್ತಾರೆ. ಅಲ್ಲಾಹನು ಪ್ರೀತಿಸುವ, ಮೆಚ್ಚುವ ಎಲ್ಲ ಮಾತು, ಎಲ್ಲ ಕೆಲಸ, ಹೊರಗೆ ಕಾಣುವಂಥದ್ದೂ ಒಳಗೆ ಇರುವಂಥದ್ದೂ ಇಬಾದತ್ತೇ ಅನ್ನುವುದು ಅದರ ಸಾರ. ಒಳಗೆ ಇರುವಂಥದ್ದು ಅಂದರೆ ಭರವಸೆ, ಭಯ, ಸಬ್ರ್ (ತಾಳ್ಮೆ), ಶುಕ್ರ್ (ಕೃತಜ್ಞತೆ). ಆಸ್ಪತ್ರೆಯ ಕಾರಿಡಾರಿನಲ್ಲಿ ಸುಮ್ನೆ ಕೂತು ಸಬ್ರ್ ಮಾಡುವವರು ಏನೂ ಮಾಡುತ್ತಿಲ್ಲ ಅಂತ ನಮಗೆ ಕಾಣಬಹುದು. ಅದೂ ಈ ಪಟ್ಟಿಯಲ್ಲಿದೆ.

ಆದರೆ ಇಲ್ಲಿಗೇ ನಿಂತರೆ ಹಿಂದೆ ಕೂತವರು ಕೇಳಿದ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಇಬಾದತ್ತನ್ನು ಎರಡು ಬಗೆಯಾಗಿ ನೋಡಬೇಕು. ಒಂದು, ನಮಾಝ್, ರೋಜಾ (ಉಪವಾಸ), ಝಕಾತ್ (ಕಡ್ಡಾಯ ದಾನ), ಹಜ್ ಥರದ್ದು. ಇವುಗಳ ಸಮಯ, ಅಳತೆ, ಕ್ರಮ ಎಲ್ಲ ಮೊದಲೇ ಗೊತ್ತುಮಾಡಿದೆ. ಇಲ್ಲಿ ನಮ್ಮ ಕೈವಾಡ ನಡೆಯುವುದಿಲ್ಲ. ಭಕ್ತಿ ಉಕ್ಕಿ ಬಂತು ಅಂತ ಫಜ್ರ್ ಫರ್ಝನ್ನು ಮೂರು ರಕಾತ್ ಮಾಡಿದರೆ ಅದು ಜಾಸ್ತಿ ಪುಣ್ಯ ಅಲ್ಲ, ನಮಾಝೇ ಆಗಲಿಲ್ಲ. ನಮ್ಮ ಈ ವಿಷಯದಲ್ಲಿ ಇಲ್ಲದ್ದನ್ನು ಹೊಸದಾಗಿ ತಂದರೆ ಅದು ತಿರಸ್ಕೃತ ಅನ್ನುವ ಹದೀಸ್ (ಪ್ರವಾದಿ ಮುಹಮ್ಮದರ ಮಾತು, ನಡೆಯ ವರದಿ) ಬುಖಾರಿ, ಮುಸ್ಲಿಂ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ, ವರದಿ ಮಾಡಿದವರು ಪ್ರವಾದಿಯವರ ಪತ್ನಿ ಹಝ್ರತ್ ಆಯಿಶಾ. ಎರಡನೆಯದು ಉಳಿದ ಬದುಕು. ಇಲ್ಲಿ ನಿಯಮ ಪೂರ್ತಿ ತಿರುಗಾ ಮುರುಗಾ. ಬೇಡ ಅಂತ ಹೇಳದಿದ್ದರೆ ಎಲ್ಲವೂ ಸರಿ. ಯಾವ ಕೆಲಸ ಮಾಡುತ್ತೀರಿ, ಏನು ತಿನ್ನುತ್ತೀರಿ, ಮೆಟ್ರೋದಲ್ಲಿ ಹೋಗುತ್ತೀರೋ ಸ್ಕೂಟರಿನಲ್ಲೋ, ಯಾರೂ ದಲೀಲ್ (ಶಾಸ್ತ್ರದ ಆಧಾರ) ಕೇಳುವುದಿಲ್ಲ. ಪರೀಕ್ಷೆಗೆ ಓದುವವರು ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅರ್ಧ ಗೊಂದಲ ಇಲ್ಲಿಂದಲೇ ಶುರುವಾಗುವುದು.

ಈ ಎರಡನೆಯ ಬಗೆ ಇಬಾದತ್ ಆಗುವುದು ಮನಸ್ಸಿನ ಉದ್ದೇಶದಿಂದ, ಅಂದರೆ ನಿಯ್ಯತ್‌ನಿಂದ. ಬುಖಾರಿಯ ಮೊಟ್ಟಮೊದಲ ಹದೀಸೇ ಇದು, ಪ್ರವಾದಿಯವರ ಸಂಗಾತಿ ಹಝ್ರತ್ ಉಮರ್ ಅವರಿಂದ ಬಂದದ್ದು: ಕರ್ಮಗಳು ನಿಯ್ಯತ್ತಿನ ಮೇಲೆ ನಿಂತಿವೆ. ಇಮಾಮ್ ನವವಿ ತಮ್ಮ ಪ್ರಸಿದ್ಧ ನಲವತ್ತು ಹದೀಸ್‌ಗಳ ಸಂಗ್ರಹವನ್ನೂ ಇದರಿಂದಲೇ ಆರಂಭಿಸಿದರು. ಹದೀಸಿನ ಮುಂದಿನ ಭಾಗವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಒಬ್ಬ ಅಲ್ಲಾಹನಿಗಾಗಿ ಹಿಜ್ರತ್ (ಮಕ್ಕಾದಿಂದ ಮದೀನಾಕ್ಕೆ ವಲಸೆ) ಹೋದ, ಇನ್ನೊಬ್ಬ ಲಾಭಕ್ಕೋ, ಮದುವೆಯಾಗಬೇಕೆಂದಿದ್ದ ಹೆಂಗಸಿಗಾಗಿಯೋ ಹೋದ. ಅದೇ ಮಕ್ಕಾ, ಅದೇ ಮದೀನಾ, ಅದೇ ಮರಳು ದಾರಿ, ಕಾಲಿಗೆ ಅದೇ ಬೊಬ್ಬೆ. ಸಿಗುವುದು ಮಾತ್ರ ಬೇರೆ ಬೇರೆ. ಲಾಭಕ್ಕೆ ಹೋದವನು ಪಾಪ ಮಾಡಿದ ಅಂತ ಅಲ್ಲಿ ಹೇಳಿಲ್ಲ, ನೋಡಿ. ಅವನು ಯಾವುದಕ್ಕೆ ಹೋದನೋ ಅದು ಅವನಿಗೆ, ಅಷ್ಟೇ.

ಪ್ರವಾದಿಯವರ ಸಂಗಾತಿ ಸಅದ್ ಬಿನ್ ಅಬೀ ವಕ್ಕಾಸ್ ಅವರ ಪ್ರಸಂಗ ನನಗೆ ಇದಕ್ಕಿಂತ ಇಷ್ಟ. ಮಕ್ಕಾದಲ್ಲಿ ಅವರು ಕಾಯಿಲೆ ಬಿದ್ದು ಇನ್ನು ಉಳಿಯುವುದಿಲ್ಲ ಅನ್ನುವ ಸ್ಥಿತಿಯಲ್ಲಿದ್ದರು. ಪ್ರವಾದಿ (ಸ, ಅಂದರೆ ಅವರ ಮೇಲೆ ಶಾಂತಿಯಿರಲಿ) ನೋಡಲು ಬಂದರು. ನನ್ನ ಹತ್ತಿರ ಬೇಕಾದಷ್ಟು ಆಸ್ತಿ ಇದೆ, ವಾರಸುದಾರಳು ಅಂತ ಮಗಳೊಬ್ಬಳೇ, ಮೂರರಲ್ಲಿ ಎರಡು ಪಾಲು ದಾನ ಬರೆಯಲಾ ಅಂತ ಸಅದ್ ಕೇಳಿದರು. ಬೇಡ ಅಂದರು. ಅರ್ಧ? ಬೇಡ. ಮೂರನೇ ಒಂದು ಪಾಲು ಸಾಕು, ಅದೇ ಜಾಸ್ತಿ, ನಿಮ್ಮವರನ್ನು ಬೇಡುವ ಸ್ಥಿತಿಯಲ್ಲಿ ಬಿಟ್ಟು ಹೋಗುವುದಕ್ಕಿಂತ ಇದ್ದವರಾಗಿ ಬಿಟ್ಟು ಹೋಗುವುದು ಒಳ್ಳೆಯದು ಅಂದರು. ಆಮೇಲೆ ಬಂದ ಮಾತು ಇದು: ಅಲ್ಲಾಹನ ಮೆಚ್ಚುಗೆಗಾಗಿ ಏನು ಖರ್ಚು ಮಾಡಿದರೂ ಪ್ರತಿಫಲವಿದೆ, ಹೆಂಡತಿಯ ಬಾಯಿಗೆ ಇಡುವ ತುತ್ತಿಗೂ. ದೊಡ್ಡ ದಾನ ಮಾಡಬೇಕು ಅಂತ ಹೊರಟವರನ್ನು ಮನೆಯ ತುತ್ತಿಗೆ ತಂದು ನಿಲ್ಲಿಸಿದ ಪ್ರಸಂಗ. ಹೊರಗೆ ಇಫ್ತಾರ್ ಹಾಕಿಸಿ ಮನೆಯ ಖರ್ಚಿಗೆ ಲೆಕ್ಕ ಕೇಳುವ ಗಂಡಸರು ಇದನ್ನು ಎರಡು ಸಲ ಓದಬೇಕು ಅಂತ ನನ್ನ ಅಭಿಪ್ರಾಯ.

ಇನ್ನೊಬ್ಬ ಸಂಗಾತಿ ಮುಆದ್ ಬಿನ್ ಜಬಲ್ ಇನ್ನೂ ಮುಂದೆ ಹೋಗುತ್ತಾರೆ. ರಾತ್ರಿ ಎದ್ದು ನಮಾಝಿಗೆ ನಿಲ್ಲುವುದಕ್ಕೆ ಪುಣ್ಯ ಬಯಸುವ ಹಾಗೆ ನಿದ್ದೆಗೂ ಬಯಸುತ್ತೇನೆ ಅಂದವರು ಅವರು. ಇದೂ ಬುಖಾರಿಯಲ್ಲಿದೆ. ನೈಟ್ ಶಿಫ್ಟ್ ಮಾಡುವವರಿಗೆ ಇದಕ್ಕಿಂತ ಸಮಾಧಾನದ ಮಾತು ಬೇಕಾ? ನಾಳೆ ಫಜ್ರಿಗೆ ಏಳಬೇಕು, ಮೈ ಗಟ್ಟಿಯಿರಬೇಕು ಅಂತ ಮಲಗುವವರ ಗೊರಕೆಯೂ ಖಾತೆಗೆ ಜಮಾ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಿಯ್ಯತ್ ಇದ್ದರೆ ಕೆಲಸವೇ ಇಬಾದತ್ ಅಂದಾಗ ನಮ್ಮ ಕನ್ನಡದ ಕಿವಿಗೆ ತಟ್ಟನೆ ಕೇಳುವುದು ಕಾಯಕವೇ ಕೈಲಾಸ. ಬಸವಣ್ಣನವರ ಮಾತು ಅಂತಲೇ ಎಲ್ಲರೂ ಹೇಳುತ್ತಾರೆ, ಆದರೆ ವಚನವಾಗಿ ಸಿಗುವುದು ಆಯ್ದಕ್ಕಿ ಮಾರಯ್ಯನವರದ್ದು. ಕಾಯಕದಲ್ಲಿ ತೊಡಗಿದ್ದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾರೆ ಅವರು. ಕೆಲಸವೇ ಪೂಜೆಗಿಂತ ಮೇಲೆ. ಇದರ ಪಕ್ಕದಲ್ಲಿ 62ನೇ ಸೂರಃ ಅಲ್‌ಜುಮುಅಃದ 9 ಮತ್ತು 10ನೇ ಆಯತ್ ಇಟ್ಟು ನೋಡಿ. ಶುಕ್ರವಾರ ನಮಾಝಿಗೆ ಕರೆ ಬಂದರೆ ವ್ಯಾಪಾರ ಬಿಟ್ಟು ಬನ್ನಿ. ನಮಾಝ್ ಮುಗಿದ ಕೂಡಲೇ ಭೂಮಿಯಲ್ಲಿ ಚೆದುರಿ ಅಲ್ಲಾಹನ ಅನುಗ್ರಹ ಹುಡುಕಿಕೊಳ್ಳಿ, ಅಲ್ಲಾಹನನ್ನು ಜಾಸ್ತಿ ನೆನೆಯಿರಿ. ಅಂದರೆ ಇಲ್ಲಿ ಕೆಲಸ ನಮಾಝಿನ ಜಾಗಕ್ಕೆ ಬರುವುದಿಲ್ಲ. ನಮಾಝ್ ಕೆಲಸವನ್ನು ನಡುವೆ ನಿಲ್ಲಿಸುತ್ತದೆ, ಮತ್ತೆ ಕಳಿಸಿಕೊಡುತ್ತದೆ. ಶಿವಾಜಿನಗರದಲ್ಲಿ ಶುಕ್ರವಾರ ಮಧ್ಯಾಹ್ನ ಅರ್ಧ ಶಟರ್ ಎಳೆದು ಹೋದ ಅಂಗಡಿಯವರು ಸ್ವಲ್ಪ ಹೊತ್ತಿಗೆ ತೋಳು ಇಳಿಸಿಕೊಳ್ಳುತ್ತಾ ಬಂದು ಅದೇ ಗಿರಾಕಿಯ ಜೊತೆ ಅದೇ ಚೌಕಾಸಿ ಮುಂದುವರಿಸುವುದನ್ನು ನೋಡಿದರೆ ಎರಡೂ ಆಯತ್ ಕಣ್ಣೆದುರಿಗೇ ಇವೆ. ಶುಕ್ರವಾರ ಪೂರ್ತಿ ರಜೆ ಮಾಡಿ ಅಂತ ಕುರ್‌ಆನ್ ಹೇಳಿಲ್ಲ. ಹಾಗಂತ ಬಿಟ್ಟು ಬರುವುದು ಸುಲಭವೂ ಅಲ್ಲ. 11ನೇ ಆಯತ್‌ನ ಹಿನ್ನೆಲೆ ಇದೇ: ಶುಕ್ರವಾರ ಮಸೀದಿಯಲ್ಲಿ ಪ್ರವಾದಿ (ಸ) ನಿಂತಿದ್ದಾಗಲೇ ಸರಕಿನ ಒಂಟೆಗಳು ಊರಿಗೆ ಬಂದವು, ಜನ ಅತ್ತ ಓಡಿದರು, ಹನ್ನೆರಡು ಮಂದಿ ಮಾತ್ರ ಉಳಿದರು ಅಂತ ಪ್ರವಾದಿಯವರ ಸಂಗಾತಿ ಜಾಬಿರ್ ಹೇಳುತ್ತಾರೆ. ಆ ಸಂಗಾತಿಗಳ, ಅಂದರೆ ಸಹಾಬಾಗಳ ಕಾಲದಲ್ಲೇ ಹೀಗಾದರೆ ಸೇಲ್ ದಿನ ನಮ್ಮ ಗತಿ ಏನು ಅಲ್ವಾ?

ಹಾಗಾಗಿ ಉತ್ತರ: ನಿಲ್ಲಿಸುವ ಆ ಐದು ಹೊತ್ತು ಇಲ್ಲದಿದ್ದರೆ ಉಳಿದ ಹೊತ್ತಿನ ನಿಯ್ಯತ್ ತಾನಾಗಿಯೇ ಸಂಬಳದ ಕಡೆ, ಹೆಸರಿನ ಕಡೆ ಜಾರುತ್ತದೆ. ಯಾರಿಗಾಗಿ ದುಡಿಯುತ್ತಿದ್ದೇನೆ ಅನ್ನುವುದನ್ನು ಝುಹ್ರ್ ಬಂದು ಕೇಳುತ್ತದೆ, ಅಸ್ರ್ ಬಂದು ಮತ್ತೆ ಕೇಳುತ್ತದೆ. ನಿಯ್ಯತ್ ಬೆಳಿಗ್ಗೆ ಒಮ್ಮೆ ಮಾಡಿ ಸಂಜೆವರೆಗೆ ಉಳಿಯುವ ವಸ್ತು ಅಲ್ಲ.

ಅಂದಹಾಗೆ ಅಸ್ರ್ ಬಗ್ಗೆ ಒಂದು ಸಣ್ಣ ವಿಷಯ, ಕೆಲಸದ ಜಾಗದಲ್ಲಿ ಗೊಂದಲ ಆಗುತ್ತದೆ. ಬೆಂಗಳೂರಿನ ದಖ್ಖನಿ ಮನೆಗಳಲ್ಲಿ ಹೆಚ್ಚಿನವರು ಹನಫಿ, ಕರಾವಳಿಯ ಬ್ಯಾರಿಗಳು ಶಾಫಿಈ, ಇವು ಧರ್ಮದ ನಿಯಮ ವಿವರಿಸುವ ಎರಡು ಪಂಥಗಳು. ಹನಫಿ ಅಸ್ರ್ ಶುರುವಾಗುವುದು ನಡುಮಧ್ಯಾಹ್ನ ಇದ್ದ ನೆರಳನ್ನು ಬಿಟ್ಟು ವಸ್ತುವಿನ ಎತ್ತರದ ಎರಡರಷ್ಟು ನೆರಳು ಬಂದಾಗ, ಶಾಫಿಈಯಲ್ಲಿ ಒಂದರಷ್ಟು ಬಂದಾಗ. ನಮ್ಮೂರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ವ್ಯತ್ಯಾಸ. ಮಂಗಳೂರಿನ ಸಹೋದ್ಯೋಗಿ ನಿಮಗಿಂತ ಮೊದಲೇ ಎದ್ದು ಹೋದರೆ ತಪ್ಪು ಅಂತ ಹೇಳಲು ಹೋಗಬೇಡಿ.

ಇನ್ನು ನಿಯ್ಯತ್‌ಗೂ ಒಂದು ಮಿತಿ ಇದೆ. ಅದು ಹಲಾಲ್ ಕೆಲಸವನ್ನು ಇಬಾದತ್ ಮಾಡುತ್ತದೆ, ಹರಾಮ್ ಕೆಲಸವನ್ನು ಹಲಾಲ್ ಮಾಡುವುದಿಲ್ಲ. ಮಕ್ಕಳ ಹೊಟ್ಟೆಗೆ ಅಂತ ತಕ್ಕಡಿಯಲ್ಲಿ ಕೈಚಳಕ ತೋರಿಸಿದರೆ ಮಕ್ಕಳ ಹೆಸರು ಉಪಯೋಗಕ್ಕೆ ಬರುವುದಿಲ್ಲ. 83ನೇ ಸೂರಃ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರ ಮೇಲೆ: ತಾವು ಅಳೆದುಕೊಳ್ಳುವಾಗ ಪೂರ್ತಿ, ಬೇರೆಯವರಿಗೆ ಅಳೆದು ಕೊಡುವಾಗ ಕಡಿಮೆ. ಪ್ರವಾದಿ (ಸ) ಒಮ್ಮೆ ಬಜಾರಿನಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಇದೇನು ಅಂತ ಕೇಳಿದರೆ ಮಳೆಗೆ ನೆನೆಯಿತು ಅಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ, ಮೋಸ ಮಾಡುವವನು ನಮ್ಮವನಲ್ಲ ಅಂದರು. ಕೆ.ಆರ್. ಮಾರ್ಕೆಟ್‌ನಲ್ಲಿ ಟೊಮೆಟೊ ಬಾಕ್ಸ್ ಕೊಂಡವರಿಗೆ ಈ ಹದೀಸ್ ವಿವರಿಸುವ ಅಗತ್ಯವೇ ಇಲ್ಲ, ಮೇಲಿನ ಸಾಲು ಕೆಂಪಗೆ ಹೊಳೆಯುತ್ತಿರುತ್ತದೆ, ಕೆಳಗಿನದ್ದು ಮನೆಗೆ ಬಂದು ಸುರಿದ ಮೇಲೆ ಗೊತ್ತಾಗುವುದು. ಗಮನಿಸಿ, ಒದ್ದೆ ಧಾನ್ಯ ಮಾರುವುದು ತಪ್ಪು ಅನ್ನಲಿಲ್ಲ. ಬಚ್ಚಿಟ್ಟದ್ದು ತಪ್ಪು. ಆನ್‌ಲೈನಿನಲ್ಲಿ ಹಳೇ ಫೋನ್ ಮಾರುವವರಿಗೂ ಇದೇ ಪಾಠ.

ಕೊನೆಯ ಭಾಗ ಬೇರೆಯವರ ಹಕ್ಕು. ನನ್ನ ಪ್ರಕಾರ ನಮ್ಮ ಊರಿನಲ್ಲಿ ಜಾಸ್ತಿ ಹೇಳಬೇಕಾದ್ದು ಇದನ್ನೇ. ಶುಕ್ರವಾರದ ಜುಮಾ ನಮಾಝಿಗೆ ಲೇಟಾಯಿತು ಅಂತ ಓಡಿ ಬಂದು ಪಕ್ಕದ ಮನೆಯ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿ ಮೊದಲ ಸಾಲಿಗೆ ನುಗ್ಗುವವರನ್ನು ನೀವೂ ನೋಡಿರುತ್ತೀರಿ. ಒಳಗೆ ಖುತ್ಬಾ (ಪ್ರವಚನ), ಹೊರಗೆ ಆ ಮನೆಯವರು ಹಾರ್ನ್ ಹೊಡೆಯುತ್ತಾ ನಿಂತಿರುತ್ತಾರೆ. ದಾರಿಯಲ್ಲಿ ಕೂರಬೇಡಿ, ಕೂರಲೇಬೇಕಾದರೆ ದಾರಿಯ ಹಕ್ಕು ಕೊಡಿ ಅಂತ ಹದೀಸಿದೆ. ಏನದು ಹಕ್ಕು ಅಂತ ಕೇಳಿದ್ದಕ್ಕೆ ಕೊಟ್ಟ ಪಟ್ಟಿಯಲ್ಲಿ ತೊಂದರೆ ಕೊಡದಿರುವುದೂ ಒಂದು. ದಾರಿಯ ಮೇಲಿನ ತೊಡಕನ್ನು ಸರಿಸುವುದು ಈಮಾನಿನ (ವಿಶ್ವಾಸದ) ಒಂದು ಕವಲು ಅಂತಲೂ ಇದೆ. ಸರಿಸುವುದು ಈಮಾನಿನ ಭಾಗ ಆದರೆ ತಂದು ನಿಲ್ಲಿಸುವುದು ಏನು, ನೀವೇ ಹೇಳಿ. ರಂಝಾನ್ ರಾತ್ರಿ ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ಹೋಗುವವರಿಗೂ ಇದು ಅನ್ವಯ.

ಮುಸ್ಲಿಂ ಸಂಗ್ರಹದಲ್ಲಿ ದಿವಾಳಿಯಾದವನ ಹದೀಸ್ ಇದೆ. ದಿವಾಳಿ ಯಾರು ಅಂತ ಪ್ರವಾದಿ (ಸ) ಕೇಳಿದರೆ ಸಹಾಬಾಗಳು ದುಡ್ಡು, ಸಾಮಾನು ಇಲ್ಲದವನು ಅಂದರು. ಅಲ್ಲ, ನಮಾಝ್, ರೋಜಾ, ಝಕಾತ್ ಎಲ್ಲ ಹೊತ್ತು ತಂದು, ಆದರೆ ಒಬ್ಬನಿಗೆ ಬೈದು, ಒಬ್ಬನ ಮೇಲೆ ಅಪವಾದ ಹೊರಿಸಿ, ಒಬ್ಬನ ಆಸ್ತಿ ನುಂಗಿ, ಒಬ್ಬನನ್ನು ಹೊಡೆದು ಬಂದವನು ಅಂದರು ಪ್ರವಾದಿ (ಸ). ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ, ಸಾಲದಿದ್ದರೆ ಅವರ ಪಾಪ ಇವನ ತಲೆಗೆ. ಇಲ್ಲಿ ನಮಾಝ್ ಸರಿ ಇಲ್ಲ ಅಂತ ಹೇಳಿಲ್ಲ, ನಮಾಝ್ ಸರಿಯಾಗಿಯೇ ಇತ್ತು, ಅದು ಇವನ ಕೈಯಲ್ಲಿ ಉಳಿಯಲಿಲ್ಲ. ಮನೆ ಕೆಲಸದವರ ಸಂಬಳವನ್ನು ಇವತ್ತು ನಾಳೆ ಅಂತ ದೂಡುವವರು ಬುಖಾರಿಯ ಇನ್ನೊಂದು ಹದೀಸನ್ನೂ ಸೇರಿಸಿಕೊಳ್ಳಿ: ಕಿಯಾಮತ್ತಿನ (ಅಂತಿಮ ತೀರ್ಪಿನ) ದಿನ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುವ ಮೂವರಲ್ಲಿ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು ಒಬ್ಬ.

ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಝೂ ನೀರೂ ಹಕ್ಕಿನ ವಿಷಯವೇ. ಪ್ರವಾದಿ (ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಈಗಿನ ಅಳತೆಯಲ್ಲಿ ಮುಕ್ಕಾಲು ಲೀಟರಿನ ಆಸುಪಾಸು. ನಲ್ಲಿ ಪೂರ್ತಿ ತಿರುಗಿಸಿ, ತಲೆ ಸವರುವಾಗಲೂ ಸುರಿಯಲು ಬಿಟ್ಟು, ಪಕ್ಕದವರ ಜೊತೆ ಎರಡು ಮಾತಾಡಿ ಮುಗಿಸಿದರೆ ಎಷ್ಟು ಲೀಟರ್ ಹೋಗುತ್ತದೆ ಅಂತ ಒಮ್ಮೆ ಕೆಳಗೆ ಬಕೆಟ್ ಇಟ್ಟು ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ಊರು ಇದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು.

ಇಷ್ಟೆಲ್ಲ ಓದಿ ಇನ್ನು ನಿದ್ದೆಯನ್ನೂ ಬಿಡುತ್ತೇನೆ ಅಂತ ಹೊರಡುವ ಉತ್ಸಾಹಿಗಳಿಗೆ ಒಂದು ಮಾತು. ಮೂವರು ಬಂದು ಪ್ರವಾದಿಯವರ (ಸ) ಇಬಾದತ್ ಹೇಗೆ ಅಂತ ಮನೆಯಲ್ಲಿ ವಿಚಾರಿಸಿದರು. ಕೇಳಿದಾಗ ಇಷ್ಟೇನಾ ಅನ್ನಿಸಿತು. ಒಬ್ಬ ರಾತ್ರಿಯಿಡೀ ನಮಾಝ್ ಅಂದ, ಒಬ್ಬ ದಿನಾ ರೋಜಾ ಅಂದ, ಒಬ್ಬ ಮದುವೆಯೇ ಬೇಡ ಅಂದ. ನಾನು ರೋಜಾ ಇಡುತ್ತೇನೆ, ಬಿಡುತ್ತೇನೆ, ನಮಾಝ್ ಮಾಡುತ್ತೇನೆ, ಮಲಗುತ್ತೇನೆ, ಮದುವೆಯಾಗುತ್ತೇನೆ, ನನ್ನ ದಾರಿ ಬಿಟ್ಟವನು ನನ್ನವನಲ್ಲ ಅಂತ ಉತ್ತರ ಬಂತು.

ಮುಂದಿನ ಟಿಪ್ಪಣಿ ಝಕಾತ್ ಲೆಕ್ಕ. ಶೇ. 2.5 ಎಲ್ಲರಿಗೂ ಗೊತ್ತು, ತಕರಾರು ಇರುವುದು ಯಾವುದರ ಮೇಲೆ, ಯಾವ ದಿನದಿಂದ ಅನ್ನುವುದರಲ್ಲಿ. ವರ್ಷ ಅಂದರೆ ಇಲ್ಲಿ ಚಾಂದ್ರಮಾನ ವರ್ಷ, 354 ದಿನದ ಆಸುಪಾಸು. ನಿಮ್ಮ ಹತ್ತಿರ ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ, ಅಂದರೆ ನಿಸಾಬ್‌ನಷ್ಟು ದುಡ್ಡು ಅಥವಾ ಬಂಗಾರ ಮೊದಲು ಸೇರಿದ ತಾರೀಖನ್ನು ಹುಡುಕಿ ಬರೆದಿಟ್ಟುಕೊಳ್ಳಿ, ಅಲ್ಲಿಂದ ಶುರು ಮಾಡೋಣ.