ಕಣದ ಗಾತ್ರ ಕೇಳುವ ಮುನ್ನ ವಕ್ರೀಭವನ ಸೂಚ್ಯಂಕ ಕೇಳಿ

ಠಾಣೆ–ಬೇಲಾಪುರ ರಸ್ತೆಯ ಬಣ್ಣ ಮತ್ತು ಔಷಧ ಕಾರ್ಖಾನೆಗಳ ಗುಣಮಟ್ಟ ವಿಭಾಗಕ್ಕೆ ಸೇರುವ ಕನ್ನಡದ ಹುಡುಗ ಹುಡುಗಿಯರು ಆಗಾಗ ನನಗೆ ತಮ್ಮ ವರದಿಗಳನ್ನು ತೋರಿಸುತ್ತಾರೆ. ಅದರಲ್ಲಿ ಡಿ50 ಎಂಬ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಕಣಗಳ ಒಟ್ಟು ಘನಗಾತ್ರದಲ್ಲಿ (ವಾಲ್ಯೂಮ್) ಅರ್ಧ ಪಾಲು ಇದಕ್ಕಿಂತ ಸಣ್ಣ ಕಣಗಳದ್ದು ಎಂದರ್ಥ. ನಾನು ಮೊದಲು ಹುಡುಕುವುದು ಮೂಲೆಯಲ್ಲಿನ ಸಣ್ಣಕ್ಷರದ ಸಾಲನ್ನು: ಯಾವ ಗಣಿತದ ಮಾದರಿ, ಯಾವ ವಕ್ರೀಭವನ ಸೂಚ್ಯಂಕ (ವಸ್ತುವಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆ), ಬೆಳಕಿನ ಹೀರಿಕೆ ಎಷ್ಟು?

ಈ ಸಂಖ್ಯೆ ಕೊಡುವ ಲೇಸರ್ ಉಪಕರಣ ಕಣವನ್ನು ನೇರವಾಗಿ ನೋಡುವುದಿಲ್ಲ. ದ್ರವದಲ್ಲಿ ತೇಲುವ ಕಣಗಳಿಂದ ಯಾವ ಕೋನಕ್ಕೆ ಎಷ್ಟು ಬೆಳಕು ಚದುರಿತು ಎಂಬುದಷ್ಟೇ ಅದಕ್ಕೆ ಗೊತ್ತು. ದೊಡ್ಡ ಕಣ ಬೆಳಕನ್ನು ಕಿರಿದಾದ ಕೋನಕ್ಕೆ ಜೋರಾಗಿ ಚದುರಿಸುತ್ತದೆ. ಸಣ್ಣದು ಅಗಲವಾದ ಕೋನಕ್ಕೆ, ಮಂದವಾಗಿ. ಈ ಹಂಚಿಕೆಯಿಂದ ಗಾತ್ರವನ್ನು ಹಿಂದಕ್ಕೆ ಲೆಕ್ಕ ಹಾಕುವುದು ಗಣಿತದ ಮಾದರಿ. ಚಿನ್ನದ ಸೂಕ್ಷ್ಮ ಕಣಗಳಿರುವ ದ್ರವಕ್ಕೆ ಬಣ್ಣ ಬರುವುದೇಕೆಂದು ಹುಡುಕುತ್ತ ಜರ್ಮನ್ ಭೌತವಿಜ್ಞಾನಿ ಗುಸ್ತಾವ್ ಮೀ 1908ರಲ್ಲಿ ಗೋಳಾಕಾರದ ಕಣಕ್ಕೆ ಪೂರ್ಣ ಪರಿಹಾರ ಕೊಟ್ಟರು. ಅದರ ಲೆಕ್ಕ ಭಾರಿ. ಆದ್ದರಿಂದ ಹಳೆಯ ಉಪಕರಣಗಳು ಕಣವನ್ನು ಅಪಾರದರ್ಶಕ ಬಿಲ್ಲೆ ಎಂದೇ ಭಾವಿಸುವ ಫ್ರಾನ್‌ಹೋಫರ್ ಮಾದರಿಯನ್ನು ನೆಚ್ಚಿಕೊಂಡವು. 50 ಮೈಕ್ರಾನ್‌ಗಿಂತ ಎಷ್ಟೋ ದೊಡ್ಡ ಕಣಗಳಿಗೆ ಅದು ಸಾಕು. ಕೆಲವೇ ಮೈಕ್ರಾನ್‌ನ ಪಾರದರ್ಶಕ ಕಣಗಳಲ್ಲಿ ಅದು ದಾರಿ ತಪ್ಪಿಸುತ್ತದೆ.

ಒಬ್ಬ ಹುಡುಗಿ ತಂದಿದ್ದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನ ಗುಂಡುಗಳ ನಕ್ಷೆಯಲ್ಲಿ ಮುಖ್ಯ ಶಿಖರದ ಎಡಕ್ಕೆ, ಒಂದು ಮೈಕ್ರಾನ್‌ಗಿಂತ ಕೆಳಗೆ, ಇನ್ನೊಂದು ಸಣ್ಣ ಗುಡ್ಡವಿತ್ತು. "ಮೇಡಂ, ಪುಡಿ ಆಗಿದೆಯಾ?" ಎಂದಳು. ಸೂಕ್ಷ್ಮದರ್ಶಕದಲ್ಲಿ ಪುಡಿಯ ಸುಳಿವೇ ಇರಲಿಲ್ಲ. ಗುಂಡಿನ ಒಳಹೊಕ್ಕು ಬಾಗಿ ಹೊರಬಂದ ಬೆಳಕು ಅಗಲ ಕೋನದ ಸಂವೇದಕಗಳಿಗೆ ಬಿದ್ದಿತ್ತು. ಫ್ರಾನ್‌ಹೋಫರ್ ಮಾದರಿ ಅದನ್ನು ಇಲ್ಲದ ಪುಡಿಯ ಲೆಕ್ಕಕ್ಕೆ ಸೇರಿಸಿತ್ತು. ಮತ್ತೆ ಅಳೆಯುವ ಗೋಜಿಗೇ ಹೋಗಲಿಲ್ಲ. ಉಳಿಸಿಟ್ಟ ಅದೇ ದತ್ತಾಂಶವನ್ನು ಮೀ ಮಾದರಿಯಲ್ಲಿ, ವಕ್ರೀಭವನ ಸೂಚ್ಯಂಕ ಗುಂಡಿಗೆ 1.59, ನೀರಿಗೆ 1.33, ಹೀರಿಕೆ ಬಹುತೇಕ ಸೊನ್ನೆ ಎಂದು ಕೊಟ್ಟು ಲೆಕ್ಕ ಹಾಕಿಸಿದೆವು. ಗುಡ್ಡ ಮಾಯವಾಯಿತು.

ಮಾದರಿ ಸರಿಯಿದ್ದರೂ ಸ್ಲರಿ, ಅಂದರೆ ಕಣಗಳನ್ನು ಬೆರೆಸಿದ ದ್ರವ, ಕೈಕೊಡಬಹುದು. ಬಣ್ಣಗಳಲ್ಲಿ ಬಳಸುವ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ಬಲವಾಗಿ ಚದುರಿಸುತ್ತದೆ. ಒಂದೆರಡು ಹನಿ ಹೆಚ್ಚಾದರೂ ಒಂದು ಕಣದಿಂದ ಚದುರಿದ ಬೆಳಕು ಇನ್ನೊಂದಕ್ಕೆ ಬಡಿದು ಮತ್ತಷ್ಟು ಅಗಲ ಕೋನಕ್ಕೆ ಹೋಗುತ್ತದೆ, ಕಣ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಸಾಂದ್ರತೆಯನ್ನು ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ಉತ್ತರ ಬದಲಾದರೆ ಮೊದಲಿನದನ್ನು ನಂಬಬೇಡಿ. ಔಷಧದ ಪುಡಿ ನೀರಿನಲ್ಲಿ ಅಲ್ಪಸ್ವಲ್ಪ ಕರಗುವಂತಿದ್ದರೆ, ಅದೇ ಔಷಧವನ್ನು ಇನ್ನು ಕರಗದಷ್ಟು ಮೊದಲೇ ಕರಗಿಸಿ (ಪರ್ಯಾಪ್ತಗೊಳಿಸಿ) ಸೋಸಿದ ನೀರನ್ನೇ ಬಳಸಬೇಕು. ಇಲ್ಲವಾದರೆ ಅಳೆಯುವಷ್ಟರಲ್ಲೇ ಸಣ್ಣ ಕಣಗಳು ಕರಗಿ ಹೋಗುತ್ತವೆ.

ನ್ಯಾನೊ ಕಣಗಳಿಗೆ ಬಳಸುವ ಡಿಎಲ್‌ಎಸ್ (ತೇಲುವ ಕಣಗಳ ಓಡಾಟದಿಂದ ಚದುರಿದ ಬೆಳಕು ಏರಿಳಿಯುವುದನ್ನು ಅಳೆದು ಗಾತ್ರ ಲೆಕ್ಕ ಹಾಕುವ) ವಿಧಾನದಲ್ಲಿ ಧೂಳೇ ದೊಡ್ಡ ಶತ್ರು. ನ್ಯಾನೊ ಕಣ ಚದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 100 ನ್ಯಾನೊಮೀಟರ್‌ನ ಒಂದೇ ಕಣ, 10 ನ್ಯಾನೊಮೀಟರ್‌ನ ಸುಮಾರು 10 ಲಕ್ಷ ಕಣಗಳಷ್ಟು ಬೆಳಕು ಚೆಲ್ಲುತ್ತದೆ. ಹೀಗಾಗಿ ಇನ್ನೂ ದೊಡ್ಡದಾದ ಧೂಳಿನ ಬೆಳಕಿನಲ್ಲಿ ಸಣ್ಣ ಕಣಗಳು ಮುಚ್ಚಿಹೋಗುತ್ತವೆ.

ಪುಣೆಯ ಗ್ರಾಹಕರ ಸಂಖ್ಯೆಯೂ ಠಾಣೆಯ ತಯಾರಕರ ಸಂಖ್ಯೆಯೂ ಹೊಂದದೆ ಜಗಳವಾಗುವುದನ್ನು ಕಂಡಿದ್ದೇನೆ. ಸರಕು ವಾಪಸಾಗುತ್ತದೆ, ಕೆಳಗಿನ ಹುದ್ದೆಯವರು ಬೈಸಿಕೊಳ್ಳುತ್ತಾರೆ. ಹೊಸ ಸ್ಯಾಂಪಲನ್ನು ಕೊರಿಯರ್ ಮಾಡುವ ಮೊದಲು ಎರಡೂ ಕಡೆಯ ಮೂಲ ದತ್ತಾಂಶವನ್ನು ಒಂದೇ ಮಾದರಿ, ಒಂದೇ ಸೂಚ್ಯಂಕದಿಂದ ಲೆಕ್ಕ ಹಾಕಿಸಿ. ಆಮೇಲೂ ಅಂತರ ಉಳಿದರೆ, ಸ್ಯಾಂಪಲ್ ತೆಗೆಯುವ ಮುನ್ನ ಡ್ರಮ್ಮಿನ ತಳ ಕಲಕಿದ್ದರೇ ಎಂದು ಇಬ್ಬರನ್ನೂ ಕೇಳಿ.