ಮೂವತ್ತು ಜನರ ಚರ್ಚಿಗೆ ಪಾದ್ರಿ ಯಾಕೆ ಸಿಗ್ತಿಲ್ಲ? ಅಮೆರಿಕದ ಸಣ್ಣ ಎಪಿಸ್ಕೋಪಲ್ ಪ್ಯಾರಿಷ್‌ಗಳ ಹಿನ್ನೆಲೆ

ಅಮೆರಿಕದ ಸಣ್ಣ ಊರುಗಳ ಎಪಿಸ್ಕೋಪಲ್ ಚರ್ಚುಗಳು ಯಾಕೆ ಸೊರಗ್ತಿವೆ ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಕಾರಣ ಕೊಡ್ತಾರೆ. ಹೆಂಗಸ್ರಿಗೆ ಪಾದ್ರಿ ದೀಕ್ಷೆ ಕೊಟ್ಟಿದ್ದಕ್ಕೆ ಜನ ಬಿಟ್ಟೋದ್ರು ಅಂತ ಒಬ್ರು, 2003ರಲ್ಲಿ ಸಲಿಂಗಿ ಬಿಷಪ್ ಆಯ್ಕೆಯಾದ್ಮೇಲೆ ಒಡೆದುಹೋಯ್ತು ಅಂತ ಇನ್ನೊಬ್ರು, ಆರಾಧನೆಯ ಕ್ರಮ ಇರೋ ಪ್ರಾರ್ಥನಾ ಪುಸ್ತಕ ಬದಲಾಯಿಸಿದ್ದೇ ಸರಿಯಿಲ್ಲ ಅಂತ ಹಳಬರು, ಕೋವಿಡ್ ಬಂದು ಎಲ್ಲ ಹಾಳಾಯ್ತು ಅಂತ ಹೊಸಬರು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದ್ರೆ ಭಾನುವಾರಕ್ಕೆ ಇಪ್ಪತ್ತೈದು ಮೂವತ್ತು ಜನ ಸೇರೋ ಒಂದು ಪ್ಯಾರಿಷ್‌ನಲ್ಲಿ, ಅಂದ್ರೆ ಒಂದು ಊರಿನ ಸಭೆಯಲ್ಲಿ, ನಾಕು ದಿನ ಓಡಾಡಿದ್ರೆ ಅಲ್ಲಿ ಜನ ಈ ಯಾವುದರ ಬಗ್ಗೆನೂ ಅಷ್ಟಾಗಿ ಮಾತಾಡಲ್ಲ. ಅವರ ಚಿಂತೆ ಬರೋ ಭಾನುವಾರ ಪಾದ್ರಿ ಯಾರು ಬರ್ತಾರೆ, ಅವರಿಗೆ ಕೊಡೋ ದುಡ್ಡು ಎಲ್ಲಿಂದ ತರೋದು ಅನ್ನೋದು. ಈ ಚಿಂತೆ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡೋಣ.

ಮೊದಲು ಇದು ಯಾವ ಚರ್ಚು ಅಂತ ಹೇಳ್ಬಿಡ್ತೀನಿ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಅಮೆರಿಕದ ಕವಲೇ ಎಪಿಸ್ಕೋಪಲ್ ಚರ್ಚ್. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಕಟ್ಟಿದ್ದೂ ಅದೇ ಆಂಗ್ಲಿಕನ್ ಪರಂಪರೆಯವರು, 1947ರ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಯವರು ಸೇರಿ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯ್ತಲ್ಲ, ಆ ಸಿಎಸ್‌ಐಗೂ ಎಪಿಸ್ಕೋಪಲ್ ಚರ್ಚಿಗೂ ಇವತ್ತು ಪೂರ್ತಿ ಸಂಬಂಧ ಇದೆ, ಅಂದ್ರೆ ಒಬ್ಬರ ಆರಾಧನೆ, ಪಾದ್ರಿಗಳನ್ನ ಇನ್ನೊಬ್ಬರು ಒಪ್ಕೊಳ್ತಾರೆ. ಹಾಗಾಗಿ ಕರ್ನಾಟಕದಿಂದ ಬಂದ ಸಿಎಸ್‌ಐ ಮನೆಯವರಿಗೆ ಇಲ್ಲಿನ ಆರಾಧನೆ ಅಪರಿಚಿತ ಅನ್ಸಲ್ಲ, ಪ್ರಾರ್ಥನೆಯ ಕ್ರಮ ಬಾಯಿಗೆ ತಾನಾಗೇ ಬರುತ್ತೆ. ನಾನೂ ಹಾಗೇ ಸೇರ್ಕೊಂಡವನು.

ಪಾದ್ರಿಗಳ ಕೊರತೆ ಇಲ್ಲಿ ಮೊದಲಿನಿಂದಲೂ ಇದ್ದಿದ್ದೇ. 1607ರಲ್ಲಿ ಜೇಮ್ಸ್‌ಟೌನ್‌ಗೆ ಇಂಗ್ಲಿಷರು ಬಂದಾಗಿನಿಂದ ಸ್ವಾತಂತ್ರ್ಯ ಯುದ್ಧದವರೆಗೆ ಇಡೀ ವಸಾಹತಿನಲ್ಲಿ ಒಬ್ಬ ಬಿಷಪ್ ಇರ್ಲಿಲ್ಲ, ದೀಕ್ಷೆ ಕೊಡೋದು ಬಿಷಪ್ ಒಬ್ರೇ, ಹಾಗಾಗಿ ಪಾದ್ರಿ ಆಗ್ಬೇಕಾದ್ರೆ ಅಟ್ಲಾಂಟಿಕ್ ದಾಟಿ ಲಂಡನ್ನಿಗೆ ಹೋಗ್ಬೇಕಿತ್ತು, ಹಾಗೆ ಹೋದವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲ. ಹಂಗಾಗಿ ಊರಿನ ಚರ್ಚು ನಡೆಸೋದು ಊರಿನ ಜನರ ಕೈಗೇ ಬಂತು, ಆ ಆಡಳಿತ ಮಂಡಳಿಗೆ ವೆಸ್ಟ್ರಿ ಅಂತಾರೆ, ಜಾರ್ಜ್ ವಾಷಿಂಗ್ಟನ್ ಕೂಡ ವರ್ಜೀನಿಯಾದ ಟ್ರೂರೋ ಪ್ಯಾರಿಷ್‌ನ ವೆಸ್ಟ್ರಿಯಲ್ಲಿ ಇದ್ದವರು. ಯುದ್ಧ ಆದ್ಮೇಲೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡದೆ ಇಂಗ್ಲೆಂಡಿನ ಬಿಷಪ್ಪರು ದೀಕ್ಷೆ ಕೊಡೋ ಹಾಗಿರ್ಲಿಲ್ಲ, ಅದಕ್ಕೆ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗಿ ಬಿಷಪ್ ಆಗಿ ಬಂದ್ರು. 1789ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ, ಪ್ರಾರ್ಥನಾ ಪುಸ್ತಕ ಎರಡೂ ಆದ್ವು. ಜನರಲ್ ಕನ್ವೆನ್ಷನ್, ಅಂದ್ರೆ ಇಡೀ ಚರ್ಚಿನ ನಿಯಮ ಮಾಡೋ ಮಹಾಸಭೆಯಲ್ಲಿ ಸಾಮಾನ್ಯ ಸದಸ್ಯರಿಗೂ ಓಟು, ಪಾದ್ರಿಯನ್ನ ಆರಿಸೋದು ಪ್ಯಾರಿಷ್‌ನ ವೆಸ್ಟ್ರಿ. ಇದು ಒಳ್ಳೇ ವ್ಯವಸ್ಥೆನೇ, ಆದ್ರೆ ಆರಿಸೋರೇ ಸಂಬಳನೂ ಕೊಡ್ಬೇಕು.

ಆಮೇಲೆ ನೂರೈವತ್ತು ವರ್ಷ ಸಂಬಳದ ದುಡ್ಡು ಬೇರೆ ಬೇರೆ ದಾರಿಲಿ ಬಂತು, ಮೊದಲು ಚರ್ಚಲ್ಲಿ ಮನೆಯವರು ಕೂರೋ ಬೆಂಚಿನ ಬಾಡಿಗೆ, ಆಮೇಲೆ ವರ್ಷಕ್ಕಿಷ್ಟು ಅಂತ ಬರೆದುಕೊಡೋ ಪ್ಲೆಡ್ಜ್. ಹೆಂಗಸರು ಮಾತ್ರ ಇದ್ಯಾವುದಕ್ಕೂ ಕಾಯದೆ ತಮ್ಮ ಪಾಡಿಗೆ ಕೂಡಿಡ್ತಾ ಬಂದ್ರು. 1889ರಲ್ಲಿ ಅವರು ಶುರು ಮಾಡಿದ ಥ್ಯಾಂಕ್ ಆಫರಿಂಗ್ ಇವತ್ತಿಗೂ ನಡೀತಿದೆ: ಮನೇಲಿ ಒಂದು ಸಣ್ಣ ನೀಲಿ ರಟ್ಟಿನ ಡಬ್ಬಿ, ದೇವರಿಗೆ ಥ್ಯಾಂಕ್ಸ್ ಹೇಳ್ಬೇಕು ಅನ್ಸಿದಾಗೆಲ್ಲ ಅದಕ್ಕೊಂದು ಕಾಸು. ಮೊದಲ ಸಲ ಕೂಡಿದ ದುಡ್ಡಲ್ಲಿ ಅಲಾಸ್ಕಾದ ಆನ್ವಿಕ್ ಅನ್ನೋ ಊರಲ್ಲಿ ಚರ್ಚು ಕಟ್ಟಿದ್ರು, ಜಪಾನಿಗೆ ಒಬ್ಬ ಮಿಷನರಿಯನ್ನ ಕಳಿಸಿದ್ರು. ಇಷ್ಟೆಲ್ಲ ಮಾಡಿದ ಹೆಂಗಸರಿಗೆ ಜನರಲ್ ಕನ್ವೆನ್ಷನ್‌ನಲ್ಲಿ ಪ್ರತಿನಿಧಿಯಾಗಿ ಕೂರೋಕೆ ಅವಕಾಶ ಸಿಕ್ಕಿದ್ದು 1970ರಲ್ಲಿ!

ಈಗ ನಾನು ಜಾಸ್ತಿ ಹೇಳ್ಬೇಕು ಅಂತಿರೋ ಘಟ್ಟಕ್ಕೆ ಬರ್ತೀನಿ, 1960ರಿಂದ 1980ರ ನಡುವೆ ಆಗಿದ್ದು. 1960ರ ದಶಕದ ಮಧ್ಯದಲ್ಲಿ ಈ ಚರ್ಚಿನ ಸದಸ್ಯರು 34 ಲಕ್ಷ ದಾಟಿದ್ರು, ಅದೇ ಶಿಖರ. ಆಗ 1928ರ ಪ್ರಾರ್ಥನಾ ಪುಸ್ತಕ ಬಳಕೆಲಿತ್ತು. ಎಷ್ಟೋ ಪ್ಯಾರಿಷ್‌ಗಳಲ್ಲಿ ಭಾನುವಾರದ ದೊಡ್ಡ ಆರಾಧನೆ ಅಂದ್ರೆ ಮಾರ್ನಿಂಗ್ ಪ್ರೇಯರ್: ಕೀರ್ತನೆ, ಎರಡು ವಾಚನ, ಪ್ರಾರ್ಥನೆ, ಪ್ರಸಂಗ. ಕರ್ತನ ಭೋಜನ, ಅಂದ್ರೆ ಯೇಸುವಿನ ನೆನಪಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚ್ಕೊಳ್ಳೋದು, ಬೆಳಗ್ಗೆ ಬೇಗ ಒಂದು ಸಣ್ಣ ಆರಾಧನೆಲಿ ಇರ್ತಿತ್ತು, ಇಲ್ಲಾಂದ್ರೆ ತಿಂಗಳ ಮೊದಲ ಭಾನುವಾರ. ಮಾರ್ನಿಂಗ್ ಪ್ರೇಯರ್ ನಡೆಸೋಕೆ ಪಾದ್ರಿನೇ ಬೇಕು ಅಂತಿಲ್ಲ, ಬಿಷಪ್ಪಿಂದ ಲೈಸೆನ್ಸ್ ತಗೊಂಡ ಲೇ ರೀಡರ್, ಅಂದ್ರೆ ಊರಿನ ಮೇಷ್ಟ್ರೋ ಅಂಗಡಿಯವ್ರೋ, ನಡೆಸಬಹುದಿತ್ತು. ಪಾದ್ರಿ ಇಲ್ಲದ ಊರಲ್ಲೂ ಚರ್ಚಿನ ಬಾಗಿಲು ಪ್ರತಿ ಭಾನುವಾರ ತೆಗೀತಿತ್ತು.

ನಮ್ಮ ತಾಯಿ ಕಡೆ ಹಳ್ಳಿ ಸಭೆಲೂ ಹೀಗೇ ಇತ್ತು. ಸಭಾಪಾಲಕರು, ಅಯ್ಯನವರು ಅಂತೀವಲ್ಲ, ಅವರಿಗೆ ಸುತ್ತ ಏಳೆಂಟು ಹಳ್ಳಿ, ತಿಂಗಳಿಗೊಂದ್ಸಲ ಬಂದು ಕರ್ತನ ಭೋಜನ ಕೊಡ್ತಿದ್ರು, ಮಿಕ್ಕ ಭಾನುವಾರ ಉಪದೇಶಕರದ್ದೇ ಆರಾಧನೆ. ಯಾರೂ ಅದನ್ನ ಅರ್ಧ ಸಭೆ ಅಂತ ಅಂದ್ಕೊಂಡಿರ್ಲಿಲ್ಲ.

ಅಮೆರಿಕದಲ್ಲಿ ಹತ್ತು ಹನ್ನೆರಡು ವರ್ಷ ಪ್ರಯೋಗ ಮಾಡಿ, ಜಗಳ ಆಡಿ, 1979ರಲ್ಲಿ ಹೊಸ ಪ್ರಾರ್ಥನಾ ಪುಸ್ತಕ ಬಂತು. ಭಾನುವಾರದ ಮುಖ್ಯ ಆರಾಧನೆ ಕರ್ತನ ಭೋಜನವೇ ಅಂತ ಅದು ಸ್ಪಷ್ಟವಾಗಿ ಹೇಳ್ತು. ದೇವತಾಶಾಸ್ತ್ರದ ಲೆಕ್ಕದಲ್ಲಿ ಇದು ಸರಿನೇ, ಆದಿ ಸಭೆಯವರು ವಾರವಾರ ರೊಟ್ಟಿ ಮುರೀತಿದ್ರು, ಮತ್ತೆ ಆ ರೊಟ್ಟಿ ಕೈಗೆ ಬಂದಾಗ ಏನಾಗುತ್ತೆ ಅಂತ ಗೊತ್ತಿರೋ ಯಾರೂ ಅದು ತಿಂಗಳಿಗೊಂದ್ಸಲ ಸಾಕು ಅನ್ನಲ್ಲ, ನಾನಂತೂ ಅನ್ನಲ್ಲ. ಆದ್ರೆ ಅದರ ಪರಿಣಾಮ ಸಣ್ಣ ಊರುಗಳ ಮೇಲೆ ಏನಾಗುತ್ತೆ ಅಂತ ಬೇಕಾದಷ್ಟು ಯೋಚನೆ ಆಗ್ಲಿಲ್ಲ. ಭೋಜನದ ಪ್ರಾರ್ಥನೆ ಹೇಳೋಕೆ ದೀಕ್ಷೆ ಪಡೆದ ಪಾದ್ರಿನೇ ಬೇಕು. ಅಂದ್ರೆ ಮುಂಚೆ ತಿಂಗಳಿಗೊಂದ್ಸಲ ಪಾದ್ರಿ ಬಂದ್ರೆ ಸಾಕಿದ್ದ ಊರಿಗೆ ಈಗ ವಾರವಾರ ಬೇಕು, ಪಾದ್ರಿ ಆಗ್ಬೇಕು ಅಂದ್ರೆ ಸಾಮಾನ್ಯವಾಗಿ ಡಿಗ್ರಿ ಮುಗಿಸಿ ಮೂರು ವರ್ಷ ಸೆಮಿನರಿ, ಅಂದ್ರೆ ಪಾದ್ರಿಗಳ ತರಬೇತಿ ಕಾಲೇಜಲ್ಲಿ ಓದ್ಬೇಕು, ಹಾಗೆ ಓದಿ ಬಂದವರಿಗೆ ಸಂಬಳ, ಮನೆ, ಆರೋಗ್ಯ ವಿಮೆ, ಅದರ ಮೇಲೆ 1917ರಲ್ಲಿ ಶುರುವಾದ ಚರ್ಚ್ ಪೆನ್ಷನ್ ಫಂಡಿಗೆ ಸಂಬಳದ 18 ಪರ್ಸೆಂಟು. ಪಾದ್ರಿಗಳು ಮುಪ್ಪಿನಲ್ಲಿ ಬೀದಿಗೆ ಬೀಳಬಾರದು ಅಂತ ಮಾಡಿದ್ದು ಆ ಪೆನ್ಷನ್, ಬೇಕಾಗಿದ್ದೇ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದ್ರೆ ಯಾವುದೂ ತಪ್ಪಲ್ಲ, ಎಲ್ಲ ಸೇರಿ ಮೂವತ್ತು ಜನರ ಪ್ಲೆಡ್ಜ್ ಮೇಲೆ ಬಿದ್ದಾಗ ಮಾತ್ರ ತಡ್ಕೊಳಕ್ಕಾಗಲ್ಲ.

ಇದಕ್ಕೆ ಉತ್ತರ ಹುಡುಕಿದವರು ಇರ್ಲಿಲ್ಲ ಅಂತಲ್ಲ. ಅಲಾಸ್ಕಾದಲ್ಲಿ 1948ರಲ್ಲಿ ಬಿಷಪ್ ಆದ ವಿಲಿಯಂ ಗಾರ್ಡನ್ ತಾವೇ ಸಣ್ಣ ವಿಮಾನ ಓಡಿಸ್ಕೊಂಡು ಹಳ್ಳಿ ಹಳ್ಳಿ ಸುತ್ತಿದವರು, ಆ ವಿಮಾನಕ್ಕೆ ದುಡ್ಡು ಬಂದಿದ್ದೂ ಹೆಂಗಸರ ಅದೇ ನೀಲಿ ಡಬ್ಬಿಗಳಿಂದ. ಹೊರಗಿಂದ ಪಾದ್ರಿಗಳನ್ನ ಕರೆಸಿ ಇಟ್ಕೊಳೋಕೆ ಆಗಲ್ಲ ಅಂತ ಅವರಿಗೆ ಗೊತ್ತಾಯ್ತು, ಊರಲ್ಲಿ ಆಗಲೇ ಪ್ರಾರ್ಥನೆ ನಡೆಸ್ತಿದ್ದ ಮೂಲನಿವಾಸಿಗಳಿಗೇ ದೀಕ್ಷೆ ಕೊಡೋ ದಾರಿ ಹಿಡಿದ್ರು. ಚಾಲ್ಕಿಟ್ಸಿಕ್ ಊರಿನ ಡೇವಿಡ್ ಸಾಲ್ಮನ್ 1962ರಲ್ಲಿ ಹಾಗೆ ಪಾದ್ರಿ ಆದವರು. ನೆವಾಡಾದಲ್ಲಿ 1972ರಿಂದ 1985ರವರೆಗೆ ಬಿಷಪ್ ಆಗಿದ್ದ ವೆಸ್ಲಿ ಫ್ರೆನ್ಸ್‌ಡಾರ್ಫ್ ಇದನ್ನೇ ಇನ್ನೂ ಮುಂದಕ್ಕೆ ತಗೊಂಡು ಹೋದ್ರು. ಮರುಭೂಮಿಯ ನಡುವೆ ಒಂದು ಊರಿಂದ ಇನ್ನೊಂದಕ್ಕೆ ಗಂಟೆಗಟ್ಟಲೆ ದಾರಿ, ಗಣಿ ಮುಚ್ಚಿದ್ಮೇಲೆ ಉಳಿದ ಬೆರಳೆಣಿಕೆ ಮನೆಗಳು, ಅಲ್ಲಿಗೆ ಸಂಬಳದ ಪಾದ್ರಿ ಎಲ್ಲಿಂದ ಬರ್ಬೇಕು? ಅವರು ಸಭೆಯವರನ್ನೇ ಕೇಳಿದ್ರು, ನಿಮ್ಮಲ್ಲಿ ಯಾರು ಪಾದ್ರಿ ಆಗಬಲ್ಲರು, ಯಾರು ಡೀಕನ್ (ಪಾದ್ರಿಗಿಂತ ಕೆಳಗಿನ ದೀಕ್ಷೆ ಪಡೆದ ಸೇವಕರು), ಯಾರು ಬೋಧಿಸಬಲ್ಲರು ಅಂತ. ಊರವರು ಆರಿಸಿದವರಿಗೆ ಅಲ್ಲೇ ತರಬೇತಿ, ಅಲ್ಲೇ ದೀಕ್ಷೆ, ಸಂಬಳ ಇಲ್ಲ, ವಾರವೆಲ್ಲ ಅವರವರ ಕೆಲಸ ಅವರವರಿಗೆ. ಆಮೇಲೆ ನಾರ್ದರ್ನ್ ಮಿಷಿಗನ್ ಡಯಾಸಿಸ್ (ಒಬ್ಬ ಬಿಷಪ್ಪಿನ ಕೈಕೆಳಗಿನ ಚರ್ಚುಗಳ ವಲಯ) ಕೂಡ ಇದೇ ಹಾದಿಗೆ ಬಂತು.

ಈ ಪದ್ಧತಿ ದೇಶದ ತುಂಬ ಯಾಕೆ ಹಬ್ಬಲಿಲ್ಲ ಅನ್ನೋದಕ್ಕೆ ಕಾರಣಗಳೂ ಇವೆ. ಓದು ಕಮ್ಮಿ ಇರೋ ಎರಡನೇ ದರ್ಜೆ ಪಾದ್ರಿಗಳ ಗುಂಪೊಂದು ಹುಟ್ಕೊಳ್ಳುತ್ತೆ ಅಂತ ಭಯ ಇತ್ತು, ಊರಿನ ಒಳಜಗಳದಲ್ಲಿ ಊರಿನ ಪಾದ್ರಿನೇ ಸಿಕ್ಕಾಕ್ಕೊಂಡ್ರೆ ಬಿಡಿಸೋರ್ಯಾರು ಅನ್ನೋ ಪ್ರಶ್ನೆ ಇತ್ತು, ಬಿಷಪ್ ಬದಲಾದ್ರೆ ಆಸಕ್ತಿನೂ ಬದಲಾಗ್ತಿತ್ತು, ಮೊದಲು ದೀಕ್ಷೆ ಪಡೆದವರಿಗೆ ವಯಸ್ಸಾದ್ಮೇಲೆ ಅವರ ಜಾಗಕ್ಕೆ ಇನ್ನೊಬ್ರನ್ನ ತಯಾರು ಮಾಡೋ ಕೆಲಸ ಎಷ್ಟೋ ಕಡೆ ನಿಂತೋಯ್ತು. ಭಯಗಳಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದ್ರೂ ಊರಿಗೆ ಪಾದ್ರಿನೇ ಇಲ್ಲದೆ ಇರೋದಕ್ಕಿಂತ ಊರಿನವರೇ ಪಾದ್ರಿ ಆಗೋದು ಎಷ್ಟೋ ವಾಸಿ ಅಲ್ವಾ?

ಮಿಕ್ಕ ಜಗಳಗಳ ಕಥೆ ಬೇಗ ಹೇಳ್ತೀನಿ. 1974ರ ಜುಲೈ 29ಕ್ಕೆ ಫಿಲಡೆಲ್ಫಿಯಾದಲ್ಲಿ ಹನ್ನೊಂದು ಹೆಂಗಸರು ಅನುಮತಿಗೆ ಕಾಯದೆ ದೀಕ್ಷೆ ತಗೊಂಡ್ರು, 1976ರಲ್ಲಿ ಜನರಲ್ ಕನ್ವೆನ್ಷನ್ ಒಪ್ಕೊಳ್ತು, ಒಂದಷ್ಟು ಜನ ಚರ್ಚು ಬಿಟ್ರು. ಆದ್ರೆ ಇವತ್ತು ಸಣ್ಣ ಪ್ಯಾರಿಷ್‌ಗಳನ್ನ ಕಡಿಮೆ ಸಂಬಳಕ್ಕೋ ಸಂಬಳನೇ ಇಲ್ಲದೆನೋ ಕೈಬಿಡದೆ ನಡೆಸ್ತಿರೋರಲ್ಲಿ ಹೆಂಗಸರು ಬಹಳ ಜನ, ಇದನ್ನ ಮರೆತು ಮಾತಾಡೋದು ನ್ಯಾಯ ಅಲ್ಲ. 1979ರಲ್ಲೇ ಪ್ಯಾರಿಷ್ ಆಸ್ತಿ ಡಯಾಸಿಸ್ ಮತ್ತು ಇಡೀ ಚರ್ಚಿನ ಪರವಾಗಿ ಇಟ್ಕೊಂಡಿರೋ ಟ್ರಸ್ಟ್ ಅಂತ ನಿಯಮ ಆಯ್ತು. 2003ರಲ್ಲಿ ನ್ಯೂ ಹ್ಯಾಂಪ್‌ಷೈರ್‌ಗೆ ಜೀನ್ ರಾಬಿನ್ಸನ್ ಬಿಷಪ್ ಆದ್ಮೇಲೆ ಕೆಲವು ಡಯಾಸಿಸ್‌ಗಳಲ್ಲಿ ಬಹುಪಾಲು ಜನ ಹೊರಗೆ ಹೋಗಿ 2009ರಲ್ಲಿ ಬೇರೆ ಚರ್ಚೇ ಕಟ್ಕೊಂಡ್ರು, ಆಗ ಆ ಆಸ್ತಿ ನಿಯಮ ಹಿಡ್ಕೊಂಡು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದಿದ್ದಾಯ್ತು. ವರ್ಜೀನಿಯಾದಲ್ಲಿ ಕೋರ್ಟು ಡಯಾಸಿಸ್ ಪರ ಹೇಳ್ತು, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 2020ರಲ್ಲಿ ಹೊರಗೆ ಹೋದವರ ಪರ. ದೊಡ್ಡ ಪ್ಯಾರಿಷ್‌ನಲ್ಲಿ ಹತ್ತು ಮನೆಯವರು ಹೋದ್ರೆ ಬಜೆಟ್ಟಲ್ಲಿ ಒಂದು ಗೀಟು, ಸಣ್ಣ ಪ್ಯಾರಿಷ್‌ನಲ್ಲಿ ಮೂರು ಮನೆಯವರು ಹೋದ್ರೆ ಆರ್ಗನ್ ನುಡಿಸೋರೂ ಇಲ್ಲ, ಲೆಕ್ಕ ಬರಿಯೋರೂ ಇಲ್ಲ. ಯಾವ ಕಡೆಯವರು ಹೋದ್ರು ಅನ್ನೋದಕ್ಕಿಂತ ಉಳಿದವರ ಮೇಲೆ ಏನು ಬಿತ್ತು ಅನ್ನೋದು ನನಗೆ ಮುಖ್ಯ.

ಹಾಗಂತ ಉಳಿದವರು ಅಳ್ತಾ ಕೂತಿಲ್ಲ. ನಮ್ಮ ಪ್ಯಾರಿಷ್‌ನಲ್ಲಿ ಶನಿವಾರ ಆಲ್ಟರ್ ಗಿಲ್ಡ್, ಅಂದ್ರೆ ಆರಾಧನೆಯ ಮೇಜು ಸಿದ್ಧ ಮಾಡೋ ಗುಂಪಿನ ಇಬ್ರು ಅಜ್ಜಿಯರು ಬರ್ತಾರೆ. ದ್ರಾಕ್ಷಾರಸದ ಬಟ್ಟಲು ಒರೆಸೋ ಸಣ್ಣ ಬಿಳಿ ಬಟ್ಟೆಗಳನ್ನ ಮನೇಲಿ ಕೈಯಲ್ಲೇ ಒಗೆದು, ಮೊದಲು ತೊಳೆದ ನೀರನ್ನ ಸಿಂಕಿಗೆ ಬಿಡದೆ ಗಿಡದ ಬುಡಕ್ಕೆ ಮಣ್ಣಿಗೆ ಸುರಿದು, ಇನ್ನೂ ಸ್ವಲ್ಪ ತೇವ ಇರೋವಾಗ್ಲೇ ಇಸ್ತ್ರಿ ಮಾಡಿ, ಮಡಚಿದಾಗ ಕಸೂತಿಯ ಶಿಲುಬೆ ಮೇಲೆ ಬರೋ ಹಾಗೆ ಇಡ್ತಾರೆ. ಒಬ್ರು ನನಗೆ ಅದನ್ನ ಹೇಳ್ಕೊಡ್ತಾ, ಅವಸರ ಮಾಡ್ಬೇಡಪ್ಪ, ಇದೂ ಪ್ರಾರ್ಥನೆನೇ ಅಂದ್ರು. ಆರಾಧನೆ ಮುಗಿದ್ಮೇಲೆ ಕೆಳಗಿನ ಹಾಲ್‌ನಲ್ಲಿ ಕಾಫಿ, ಅದಕ್ಕೆ ಸರದಿ ಚೀಟಿ ಇದೆ, ಯಾರಿಗೆ ಆಪರೇಷನ್ ಆಗಿದೆ, ಯಾರ ಮಗನ ಕೆಲಸ ಹೋಯ್ತು ಎಲ್ಲ ಗೊತ್ತಾಗೋದು ಅಲ್ಲೇ, ಮರುದಿನ ಅವರ ಮನೆ ಬಾಗಿಲಿಗೆ ಯಾರಾದ್ರೂ ಅಡುಗೆ ತಗೊಂಡು ಹೋಗಿರ್ತಾರೆ. ವೆಸ್ಟ್ರಿ ಮೀಟಿಂಗ್‌ನಲ್ಲಿ ಬಾಯ್ಲರ್ ರಿಪೇರಿ ಬಗ್ಗೆ ಎರಡು ಗಂಟೆ ವಾದ ಆಗುತ್ತೆ, ಕೊನೆಗೆ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿನೇ ಏಳ್ತಾರೆ. ಇಂಥ ಕಡೆ ದೇವರಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ.

2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದಾಗ ಒಂದು ವಿಚಿತ್ರ ಆಯ್ತು. ರೊಟ್ಟಿ ಮುರಿಯೋಕಾಗಲ್ಲ ಅಂತಾದ್ಮೇಲೆ ಎಷ್ಟೋ ಪ್ಯಾರಿಷ್‌ಗಳು ಜೂಮ್‌ನಲ್ಲಿ ಆ ಹಳೇ ಮಾರ್ನಿಂಗ್ ಪ್ರೇಯರನ್ನೇ ತೆಗೆದ್ವು, ನಲವತ್ತು ವರ್ಷದಿಂದ ಅದನ್ನ ಕೇಳಿರದವರೂ ಸರದಿ ಮೇಲೆ ನಡೆಸೋಕೆ ಕಲಿತ್ರು. ಮತ್ತೆ ಬಾಗಿಲು ತೆಗೆದಾಗ ಕೆಲವರು ವಾಪಸ್ ಬರ್ಲಿಲ್ಲ. ಕೋವಿಡ್‌ಗೆ ಮುಂಚೆನೇ ಈ ಚರ್ಚಿನ ಅರ್ಧದಷ್ಟು ಪ್ಯಾರಿಷ್‌ಗಳಲ್ಲಿ ಭಾನುವಾರದ ಹಾಜರಿ 50ರ ಆಸುಪಾಸು ಇಲ್ಲಾ ಅದಕ್ಕಿಂತ ಕಮ್ಮಿ ಇತ್ತು, ಈಗ ಅದೂ ಇಲ್ಲ. ಒಟ್ಟು ಸದಸ್ಯರು 16 ಲಕ್ಷಕ್ಕಿಂತ ಕೆಳಗೆ ಇಳಿದಿದ್ದಾರೆ.

ಈಗ ಮೇಲಿನ ಮಟ್ಟದಲ್ಲಿ ಕೂಡಿಸೋ ಕೆಲಸ ನಡೀತಿದೆ. ವಿಸ್ಕಾನ್ಸಿನ್‌ನ ಮೂರು ಡಯಾಸಿಸ್‌ಗಳು 2024ರಲ್ಲಿ ಒಂದಾದ್ವು, ಮಿಷಿಗನ್‌ನಲ್ಲೂ ಎರಡು ಸೇರ್ಕೊಂಡ್ವು. ಅದೇ ವರ್ಷ ಇಡೀ ಚರ್ಚಿನ ಮುಖ್ಯಸ್ಥರಾಗಿ ಆಯ್ಕೆಯಾದ ಶಾನ್ ರೋ ತಮ್ಮ ನಾರ್ತ್‌ವೆಸ್ಟರ್ನ್ ಪೆನ್ಸಿಲ್ವೇನಿಯಾ ಡಯಾಸಿಸ್ ಜೊತೆ ಪಕ್ಕದ ವೆಸ್ಟರ್ನ್ ನ್ಯೂಯಾರ್ಕನ್ನೂ ನೋಡ್ಕೊಂಡವರು, ಹಾಗಾಗಿ ಸಣ್ಣದರ ಕಷ್ಟ ಅವರಿಗೆ ಗೊತ್ತು ಅನ್ನೋ ನಂಬಿಕೆ ಜನರಿಗಿದೆ. ಪ್ಯಾರಿಷ್ ಮಟ್ಟದಲ್ಲಿ ದಾರಿಗಳು ಎರಡು ಮೂರು: ಒಬ್ಬ ಪಾದ್ರಿಯನ್ನ ನಾಕು ಚರ್ಚು ಹಂಚ್ಕೊಳ್ಳೋದು, ನಿವೃತ್ತರನ್ನ ವಾರದ ಲೆಕ್ಕದಲ್ಲಿ ಕರೆಸೋದು, ಇಲ್ಲಾ 2001ರಿಂದ ಜಾರಿಲಿರೋ ಒಪ್ಪಂದದ ಪ್ರಕಾರ ಲೂಥರನ್ ಅನ್ನೋ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದ ಪಾಸ್ಟರನ್ನ ಕರೆಯೋದು. ನಮ್ಮಲ್ಲಿ ಸದ್ಯಕ್ಕೆ ತಿಂಗಳಲ್ಲಿ ಎರಡು ವಾರ ಲೂಥರನ್ ಪಾಸ್ಟರಮ್ಮ ಬರ್ತಾರೆ, ಮಿಕ್ಕ ವಾರ ನಾವೇ ಮಾರ್ನಿಂಗ್ ಪ್ರೇಯರ್ ಮಾಡ್ಕೊಳ್ತೀವಿ. ನಮ್ಮೊಳಗೇ ಒಬ್ರನ್ನ, ಊರಿನ ಸ್ಕೂಲಲ್ಲಿ ನರ್ಸ್ ಆಗಿರೋರು, ಸ್ಥಳೀಯ ತರಬೇತಿಗೆ ಕಳಿಸೋಣ ಅಂತ ವೆಸ್ಟ್ರಿ ಬಿಷಪ್ಪಿಗೆ ಪತ್ರ ಬರೆದಿದೆ. ಉತ್ತರ ಇನ್ನೂ ಬರ್ಬೇಕು.